ಮಾವ ಕಟ್ಟಿದ ಡೊನೇಶನ್

ಗೆಳೆಯರೇ, ಇವತ್ತು ಅಫಜಲಪುರ ಬಸ್ ನಿಲ್ದಾಣದಲ್ಲಿ ಹೈಸ್ಕೂಲಿನ ಗೆಳೆಯ ಶಿವಶರಣ ಸಿಕ್ಕ. ಎಂಬತ್ತರ ದಶಕದ ಹೊಟ್ಟೆಕಿಚ್ಚು ಮತ್ತೆ ಹೊತ್ತಿಕೊಂಡಿತು.

ಆಗ ನಾನು ಸ್ಕಾಲರ್‌ಶಿಪ್ ಸಿಕ್ಕಿತೆಂದು ಸರ್ಕಾರಿ ಕಾಲೇಜು ಸೇರಿದೆ. ಊಟ ಮಠದ ಪ್ರಸಾದನಿಲಯದಲ್ಲಿ. ಅವನು ಇಂಜಿನಿಯರಿಂಗ್ ಸೇರಿದ. ಮಗಳನ್ನು ಕೊಡುವ ಮಾತಿನ ಮೇಲೆ ಡೊನೇಶನ್ ಕಟ್ಟಿದ್ದು ಅತನೂರಿನ ಅವನ ಮಾವ. ಅವನ ಬೂಟು ಕಂಡ ದಿನ ನನಗೆ ಮಠದ ನುಚ್ಚು ರುಚಿಸುತ್ತಿರಲಿಲ್ಲ.

ಇವತ್ತು ಅವನ ಹೆಗಲ ಮೇಲೆ ಜೋಳದ ಚೀಲ, ಹಿಂದೆ ಕೋಲೂರಿಕೊಂಡು ಆ ಮಾವ.

"ನೀನೇ ಪುಣ್ಯವಂತ ಬಿಡಲೇ, ಯಾರ ಹಂಗಿಲ್ದ ಓದಿದಿ. ನಾ ಇನ್ನೂ ಆ ಸೀಟಿನ ಸಾಲ ತೀರಸಾಕತ್ತೇನಿ," ಎಂದ ಶಿವಶರಣ.

ಮಾವ ಕೂಗಿದರು: "ಅಳಿಯಂದ್ರ, ಚೀಲ ನೆಲಕ್ಕ ಇಡಬ್ಯಾಡ್ರಿ!"

ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ನಾನು ಅಲ್ಲಿ ನಿಂತಿದ್ದೂ ಬಸ್ಸಿನಲ್ಲಿ ಬರುವ ನನ್ನ ಮಾವನ ಚೀಲ ಇಳಿಸಿಕೊಳ್ಳಲಿಕ್ಕೇ. ಆ ಪುಣ್ಯಾತ್ಮ ನನಗೆ ಒಂದು ನೋಟ್‌ಬುಕ್ಕೂ ಕೊಡಿಸಿದವರಲ್ಲ.