ಅಳತೆ ಮಾವನ ಹಾರ್ಡ್ ಡಿಸ್ಕ್

ನನ್ನ ಸೋದರಮಾವ ಯಾರನ್ನು ಕಂಡರೂ ಮುಖಕ್ಕಿಂತ ಮೊದಲು ಕಾಲು ನೋಡುತ್ತಾರೆ. ಮದುವೆಯಾದ ಹೊಸದರಲ್ಲಿ ಅತ್ತೆಗೆ ಇದು ಬಹಳ ಸಿಟ್ಟು ತರಿಸುತ್ತಿತ್ತಂತೆ. ಏನು ಮಾಡುವುದು, ಅವರ ಕಸುಬೇ ಅದು. ಯಾವ ಅಂಗಡಿಯ ಶೂವೂ ಹೊಂದದ ಕಾಲಿಗೆ ಅವರು ಶೂ ಹೊಲಿಯುತ್ತಾರೆ. ಪಾದ ಒಳಕ್ಕೆ ತಿರುಗಿದವರು, ಸಕ್ಕರೆ ಕಾಯಿಲೆಯಿಂದ ಬೆರಳು ಕಳೆದುಕೊಂಡವರು, ಎಲ್ಲರಿಗೂ ಅವರು ‘ಅಳತೆ ಮಾವ’. ನನ್ನ ಎಡಗಾಲು ಹುಟ್ಟಿನಿಂದಲೇ ಎರಡು ಬೆರಳಷ್ಟು ಗಿಡ್ಡ. ಆರನೇ ವಯಸ್ಸಿನಿಂದ ಈ ನಲವತ್ತರವರೆಗೆ ಮಾವ ಹೊಲಿಯದ ಶೂ ನಾನು ಹಾಕಿದ್ದೇ ಇಲ್ಲ. ಚಿಕ್ಕವಳಿದ್ದಾಗ ಎಡವಿ ಬಿದ್ದು ಅತ್ತರೆ ಅವರು ರಮಿಸುತ್ತಿರಲಿಲ್ಲ. “ಎಲ್ಲಿ, ಶೂ ತೆಗಿ. ನೆಲ ಡೊಂಕಿದ್ರೆ ನಾನೇನೂ ಮಾಡೋಕಾಗಲ್ಲ, ಶೂ ಡೊಂಕಿದ್ರೆ ಈಗಲೇ ಸರಿ ಮಾಡ್ತೀನಿ” ಎನ್ನುತ್ತಿದ್ದರು.

ಗಿರಾಕಿಯನ್ನು ಕಂದು ಕಾಗದದ ಮೇಲೆ ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಪಕ್ಕದಲ್ಲಿ ಟಿಪ್ಪಣಿ ಬರೆಯುವುದು ಅವರ ಪದ್ಧತಿ. ‘ಸಂಜೆ ಹೊತ್ತು ಊತ.’ ‘ಕಿರುಬೆರಳು ಮುಟ್ಟಿದರೆ ಬೈಯುತ್ತಾರೆ.’ ಈ ಕಾಗದಗಳು ಕೋಣೆಯಲ್ಲಿ ಸೊಂಟದೆತ್ತರ ಬೆಳೆದು, ಅವುಗಳಲ್ಲಿ ಹುಳು ಸೇರಿಕೊಂಡಾಗ ಬುದ್ಧಿವಂತೆಯಾದ ನಾನು ನಡುವೆ ಬಾಯಿ ಹಾಕಿದೆ. ಎಂಟು ವರ್ಷದ ಹಿಂದೆ ಒಂದು ಕಂಪ್ಯೂಟರ್ ತಂದು, ಮುನ್ನೂರು ಚಿಲ್ಲರೆ ಜನರ ಪಾದಗಳನ್ನು ಸ್ಕ್ಯಾನ್ ಮಾಡಿ ಅದರೊಳಗೆ ಹಾಕಿದೆ. ಕಾಗದಗಳನ್ನು ನನ್ನ ಕೈಯಾರೆ ರದ್ದಿಗೆ ಕಳಿಸಿದೆ. ಆಮೇಲೆ ಗಿರಾಕಿಗಳು ಅಷ್ಟು ದೂರದಿಂದ ಬರುವುದೂ ತಪ್ಪಿತು. ಫೋನ್ ಮಾಡಿದರೆ ಸಾಕು, ಮಾವ ಕಂಪ್ಯೂಟರಿನಿಂದ ಅಳತೆ ತೆಗೆದು ಹೊಲಿದು ಪಾರ್ಸೆಲ್ ಮಾಡುತ್ತಿದ್ದರು. ನನಗೂ ಅಷ್ಟೇ, ವರ್ಷಕ್ಕೊಂದು ಜೊತೆ ಮನೆಗೇ ಬರುತ್ತಿತ್ತು. ಎಲ್ಲರೂ ನನ್ನನ್ನು ಹೊಗಳಿದ್ದೇ ಹೊಗಳಿದ್ದು.

ಆ ಕಂಪ್ಯೂಟರನ್ನು ಎಲ್ಲಿಟ್ಟೆ ಅನ್ನುವಿರಾ? ಮಾವ ಸುತ್ತಿಗೆಯಿಂದ ಶೂವಿನ ಹಿಮ್ಮಡಿಗೆ ಮೊಳೆ ಹೊಡೆಯುವ ಅದೇ ಮೇಜಿನ ಮೇಲೆ. ಪ್ಲಗ್ ಇದ್ದದ್ದು ಅಲ್ಲೇ.

ಕಳೆದ ತಿಂಗಳು ಒಂದು ಬೆಳಿಗ್ಗೆ ನಾನು ಹೋದಾಗ ಮಾವ ಕೈ ಕಟ್ಟಿಕೊಂಡು ಕೂತಿದ್ದರು. ಆದರೂ ಟಕ್, ಟಕ್ ಎಂಬ ಸದ್ದು ಬರುತ್ತಿತ್ತು.

“ನೋಡೇ ಪುಟ್ಟಿ, ನಾನು ಸುತ್ತಿಗೆ ಕೆಳಗಿಟ್ರೂ ಇದು ಬಿಡ್ತಿಲ್ಲ. ಕೆಲಸ ಕಲಿತುಬಿಟ್ಟಿದೆ” ಎಂದು ನಕ್ಕರು. ಎಷ್ಟು ದಿನದಿಂದ ಬರುತ್ತಿತ್ತೋ ಏನೋ, ಮೊಳೆ ಹೊಡೆಯುವ ಸದ್ದಿನಲ್ಲಿ ಇದು ಯಾರ ಕಿವಿಗೂ ಬಿದ್ದಿರಲಿಲ್ಲ.

ಸದ್ದು ಬರುತ್ತಿದ್ದದ್ದು ಕಂಪ್ಯೂಟರಿನ ಒಳಗಿನಿಂದ. ಕಂಪ್ಯೂಟರ್ ರಿಪೇರಿಯಾಕೆಗೆ ಫೋನ್ ಮಾಡಿದೆ. ಆಕೆ ಬಂದವಳೇ ಮೇಜು ನೋಡಿದಳು, ಸುತ್ತಿಗೆ ನೋಡಿದಳು, ನನ್ನನ್ನು ನೋಡಿದಳು.

“ಇದನ್ನ ಇಲ್ಲಿಟ್ಟ ಪುಣ್ಯಾತ್ಮರು ಯಾರು?”

“ನಾನೇ.”

“ಹಾರ್ಡ್ ಡಿಸ್ಕ್ ಇವತ್ತೇ ಹೋಗ್ಬಹುದು, ಇನ್ನೊಂದು ತಿಂಗಳು ಇರ್ಲೂಬಹುದು. ನಾನಾದ್ರೆ ನಂಬಲ್ಲ. ಆಫ್ ಮಾಡಿದ್ರೆ ಮತ್ತೆ ಏಳುತ್ತೋ ಇಲ್ವೋ. ಒಟ್ಟಿಗೆ ಎಲ್ಲಾ ಎಳೀಬೇಡಿ, ಯಾರ್ದು ಮುಖ್ಯವೋ ಅವರದ್ದು ಒಂದೊಂದಾಗಿ ಮೊದಲು ಕಾಪಿ ಮಾಡ್ಕೊಳ್ಳಿ” ಎಂದು ಒಂದು ಹೊಸ ಡಿಸ್ಕನ್ನು ಚುಚ್ಚಿಕೊಟ್ಟಳು.

ನಾನು ಅಕಾರಾದಿಯಲ್ಲಿ ಶುರು ಮಾಡಿದೆ. ಮಾವ ತಲೆ ಮೇಲೊಂದು ಮೊಟಕಿದರು. “ಹೆಸರು ನೋಡಿ ಕಾಪಿ ಮಾಡ್ತಾರೇನೇ? ಕಾಲು ನೋಡು. ಮಕ್ಕಳದ್ದು ಬಿಡು, ಅವು ಹೇಗೂ ಬೆಳೀತಾವೆ, ಹಳೇ ಅಳತೆ ಕಟ್ಕೊಂಡು ಏನ್ಮಾಡ್ತೀಯ. ಎದ್ದು ಓಡಾಡೋಕಾಗದೆ ಇಲ್ಲಿಗೆ ಮತ್ತೆ ಬರೋಕೇ ಆಗದವರದ್ದು ಮೊದಲು. ಆಮೇಲೆ ದೂರದವರದ್ದು.”

ಹೀಗೆ ಅವರು ಹೇಳುತ್ತ ಹೋದರು, ನಾನು ಹುಡುಕುತ್ತ ಹೋದೆ. ಒಬ್ಬೊಬ್ಬರ ಪಾದ ಬರಲು ಮೂರು ನಾಲ್ಕು ನಿಮಿಷ. ಟಕ್ ಎಂದಾಗಲೆಲ್ಲ ಮಾವ ಮೇಜನ್ನು ಮೆಲ್ಲಗೆ ತಟ್ಟಿ “ಇನ್ನು ಸ್ವಲ್ಪ ತಾಳಪ್ಪ” ಎನ್ನುತ್ತಿದ್ದರು. ಪರದೆಯ ಮೇಲೆ ಒಬ್ಬರು ನಿವೃತ್ತ ಗ್ರಂಥಪಾಲಕಿ ಬಂದರು, ಲಿಫ್ಟ್ ಕಾಯುವವನು ಬಂದ, ಬೇಕರಿಯ ಅಜ್ಜ ಬಂದರು. ನನ್ನ ಹೆಸರು ಕಣ್ಣೆದುರೇ ಇತ್ತು. ಮಾವ ಎರಡು ಸಲ ಅದನ್ನು ದಾಟಿ ಮುಂದೆ ಹೋದರು. ನಲವತ್ತು ವರ್ಷದವಳಾದ ನಾನು, ನಿಜ ಹೇಳುತ್ತೇನೆ, ಚಿಕ್ಕ ಮಗುವಿನ ಹಾಗೆ ಮುನಿಸಿಕೊಂಡೆ.

“ನಂದು?” ಎಂದೆ.

“ನೀನೆಲ್ಲಿ ಹೋಗ್ತೀಯ? ಇಲ್ಲೇ ಇದ್ದೀಯಲ್ಲ” ಎಂದರು.

ತೊಂಬತ್ತನಾಲ್ಕನೆಯವರ ಪಾದ ಮುಗಿಯುವಾಗ ಮಧ್ಯಾಹ್ನ ಮೂರು ಗಂಟೆ. ಸದ್ದು ನಿಂತಿತು. ಪರದೆ ಕಪ್ಪಾಯಿತು. ಏನು ಮಾಡಿದರೂ ಏಳಲಿಲ್ಲ. ರಿಪೇರಿಯಾಕೆ ಫೋನಿನಲ್ಲಿ, ಬೇರೆ ಕಡೆ ಕಳಿಸಿ ನೋಡಬಹುದು, ಭರವಸೆ ಕೊಡಲಾರೆ ಎಂದಳು. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಇನ್ನೂರಕ್ಕೂ ಹೆಚ್ಚು ಜನರ ಕಾಲು ನನ್ನ ಜಾಣತನಕ್ಕೆ ಬಲಿಯಾಗಿತ್ತು.

ಮಾವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಂದು ಕಾಗದ ಹಾಸಿ, “ಬಾ, ನಿನ್ನಿಂದಲೇ ಶುರು ಮಾಡೋಣ. ಶೂ ತೆಗೆದು ನಿಲ್ಲು” ಎಂದರು. ತಮ್ಮ ಮಂಡಿನೋವಿನಲ್ಲೂ ನೆಲಕ್ಕೆ ಕೂತು ಎಡಗಾಲಿನ ಸುತ್ತ ಗೆರೆ ಎಳೆಯತೊಡಗಿದವರು ಹೆಬ್ಬೆರಳಿನ ಪಕ್ಕದಲ್ಲಿ ತಟ್ಟನೆ ನಿಂತರು. ಅಲ್ಲಿ ಬಟಾಣಿ ಗಾತ್ರದ ಆಣಿ ಎದ್ದಿತ್ತು. ಹಿಮ್ಮಡಿಯ ಮೇಲೆ ಚರ್ಮ ಗಟ್ಟಿಯಾಗಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

“ಎಷ್ಟು ದಿನದಿಂದ?”

“ಏನಿಲ್ಲ ಮಾವ, ಸ್ವಲ್ಪ...”

“ಎಷ್ಟು ದಿನದಿಂದ ಅಂದೆ.”

“ಮೂರು ವರ್ಷ.”

“ಮೂರು ವರ್ಷದಿಂದ ನನ್ನ ಶೂ ಕಚ್ತಾ ಇದೆ, ಫೋನಲ್ಲಿ ಕೇಳಿದ್ರೆ ಹೂವಿನ ಹಾಗಿದೆ ಮಾವ ಅಂತೀಯ! ಹೇಳೋಕೇನು ಧಾಡಿಯಾಗಿತ್ತು ನಿಂಗೆ?”

ಎಪ್ಪತ್ತು ದಾಟಿದ ಮನುಷ್ಯ ನನಗಾಗಿ ಕೂತು ಹೊಲಿದ ಶೂ. ಕಚ್ಚುತ್ತದೆ ಎನ್ನಲು ಬಾಯಿ ಬರಲಿಲ್ಲ.

ಮಾವ ಆಣಿಯ ಉಬ್ಬನ್ನು ಬಳಸಿ ಗೆರೆ ಮುಗಿಸಿದರು. “ಮೊದಲೆಲ್ಲ ಗಿರಾಕಿ ಬಂದಾಗೆಲ್ಲ ಹಳೇ ಕಾಗದದ ಮೇಲೇ ನಿಲ್ಲಿಸ್ತಿದ್ದೆ. ಕಾಲು ಗೆರೆ ದಾಟಿದ್ರೆ ತಕ್ಷಣ ಗೊತ್ತಾಗ್ತಿತ್ತು” ಎಂದು ತಮಗೇ ಹೇಳಿಕೊಂಡರು. ಆಮೇಲೆ ನನ್ನತ್ತ ತಿರುಗಿ, “ಆ ಗ್ರಂಥಪಾಲಕಿಗೆ ಫೋನ್ ಹಚ್ಚು” ಎಂದರು.

ಫೋನನ್ನು ಸ್ಪೀಕರಿಗೆ ಹಾಕಿದೆ. ಮಾವ ಸುತ್ತುಬಳಸದೆ ಕೇಳಿದರು, “ಅಮ್ಮಾ, ಶೂ ಕಚ್ತಿದೆಯಾ? ನಿಜ ಹೇಳಿ.”

ಗ್ರಂಥಪಾಲಕಿ ದನಿ ತಗ್ಗಿಸಿದರು. “ಸ್ವಲ್ಪ ಒತ್ತುತ್ತೆ. ಹತ್ತಿ ಇಟ್ಕೊಂಡು ಹಾಕ್ಕೋತೀನಿ. ಈ ವಯಸ್ಸಲ್ಲಿ ನಿಮಗ್ಯಾಕೆ ತೊಂದ್ರೆ ಅಂತ...”

ಬೇಕರಿಯ ಅಜ್ಜ ಶೂವಿನ ಪಕ್ಕವನ್ನು ಬ್ಲೇಡಿನಿಂದ ಸೀಳಿಕೊಂಡಿದ್ದರು. ಲಿಫ್ಟಿನವನು “ಚೆನ್ನಾಗಿದೆ ಸಾರ್” ಎಂದ. ಎರಡನೇ ಸಲ ಕೇಳಿದಾಗ, ಲಿಫ್ಟಿನಲ್ಲಿ ಕೂತಾಗ ಮಾತ್ರ ಬಿಚ್ಚಿಡ್ತೀನಿ ಎಂದ. ಒಂಬತ್ತು ಜನರಿಗೆ ಫೋನ್ ಮಾಡಿದೆವು. ಏಳು ಜನ ನನ್ನ ಹಾಗೆಯೇ. ಅಷ್ಟು ಒದ್ದಾಡಿ ಉಳಿಸಿಕೊಂಡದ್ದು ಹಳೇ ಅಳತೆಗಳನ್ನು, ಈಗ ಯಾರಿಗೂ ಇಲ್ಲದ ಕಾಲುಗಳನ್ನು.

“ಇಷ್ಟು ವರ್ಷ ಚೆನ್ನಾಗಿದೆ, ಚೆನ್ನಾಗಿದೆ ಅಂತಿದ್ರಲ್ಲ” ಎಂದರು ಮಾವ. “ನಾನು ಶೂ ಬಗ್ಗೆ ಹೇಳ್ತಿದ್ದಾರೆ ಅಂದ್ಕೊಂಡಿದ್ದೆ ಕಣೇ.”

ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಗದರಿಸಿದರು, “ಏನು ನೋಡ್ತಾ ಕೂತಿದ್ದೀಯ, ಮುಂದಿನವರಿಗೆ ಹಚ್ಚು. ಎಲ್ಲರೂ ಬರಲಿ. ಬರೋಕಾಗದವರ ಮನೆಗೆ ನಾವೇ ಹೋಗೋಣ.”