ಹೊಳೆಯಾಚೆ ನಿಂತ ಲಾರಿ

ಕಂಪ್ಯೂಟರ್ ಕಲಿತ ಮಗಳೆಂದು ಅಪ್ಪ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ ಕಾಲ ಅದು. ನಾನು ಕಲಿತಿದ್ದು ಮೈಸೂರಿನಲ್ಲಿ ಒಂದು ಸಣ್ಣ ಕೋರ್ಸು, ಅಷ್ಟೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಶ್ರೀರಂಗಪಟ್ಟಣದ ಹೆದ್ದಾರಿ ಬದಿಯ ಒಂದು ಲಾರಿ ಆಫೀಸಿಗೆ ಕೆಲಸಕ್ಕೆ ಸೇರಿದ್ದೆ. ಪಾಂಡವಪುರದಿಂದ ದಿನಾ ಬಸ್ಸು. ಆಫೀಸಿನ ಯಜಮಾನರನ್ನು ಎಲ್ಲರೂ ಸಾಬರು ಎನ್ನುತ್ತಿದ್ದರು. ಕೆ.ಆರ್. ಪೇಟೆ, ನಾಗಮಂಗಲ ಕಡೆಯ ಆಲೆಮನೆಗಳ ಬೆಲ್ಲಕ್ಕೆ ಲಾರಿ ಹೊಂದಿಸಿ ಕೇರಳಕ್ಕೆ ಕಳಿಸುವುದು ಅವರ ಕಸುಬು. ಆ ಲಾರಿಗಳಲ್ಲಿ ಒಂದು ಅಪ್ಪನದು. ಮನೆಗಿದ್ದ ಆಸ್ತಿ ಎಂದರೆ ಅದೊಂದೇ. ಓನರೂ ಅಪ್ಪನೇ, ಡ್ರೈವರೂ ಅಪ್ಪನೇ.

ಆ ವರ್ಷ ಗಡಿಯ ಚೆಕ್‌ಪೋಸ್ಟಿಗೆ ಕಂಪ್ಯೂಟರ್ ಬಂತು. ಅದರ ಹಿಂದೆಯೇ ನಮ್ಮ ಆಫೀಸಿಗೂ ಒಂದು ಬಂತು. ಲಾರಿ ನಂಬರು, ಮಾಲು, ತೂಕ, ಹೊರಟ ದಿನ, ಹೊರಟ ಹೊತ್ತು ಎಲ್ಲವನ್ನೂ ನಾನು ಒತ್ತಬೇಕು. ಅದು ಫೋನಿನ ತಂತಿಯಲ್ಲಿ ಲಾರಿಗಿಂತ ಮುಂಚೆ ಗಡಿ ಸೇರಬೇಕು. ಗಂಟೆಗಟ್ಟಲೆ ಕಾಯುವ ಕಾಟ ತಪ್ಪಿತೆಂದು ಡ್ರೈವರುಗಳಿಗೆ ಖುಷಿ. ನನಗೆ ಮಾತ್ರ ಆ ಡಬ್ಬ ಕಂಡರೆ ದಿಗಿಲು. ಸ್ವಲ್ಪ ಹೊತ್ತು ಕಿರುಗುಟ್ಟಿ ಸುಮ್ಮನಾಗಿಬಿಡುತ್ತಿತ್ತು. ಆ ಕಡೆ ಯಾರು ಓದಿದರು, ಓದಿ ಏನೆಂದುಕೊಂಡರು, ತಿಳಿಯುವ ದಾರಿಯೇ ಇರಲಿಲ್ಲ. ಮೊದಲಾದರೆ ಗಡಿಯವರು ಅಪ್ಪನ ಮುಖ ನೋಡಿ, ‘ಬೆಲ್ಲದ ಗೌಡ್ರಾ, ಹೋಗಿ’ ಎನ್ನುತ್ತಿದ್ದರು.

ಮಳೆಗಾಲದ ಒಂದು ಅಮಾವಾಸ್ಯೆಯ ಹಿಂದಿನ ದಿನ ಅಪ್ಪ ಕಿಕ್ಕೇರಿ ಕಡೆಯಿಂದ ಲೋಡು ತುಂಬಿಕೊಂಡು ಬಂದ. ಅಮಾವಾಸ್ಯೆಗೆ ಲಾರಿ ಹೊರಡಿಸುವ ಆಸಾಮಿಯಲ್ಲ ಅವನು. ಅಂದೇ ಬಿಟ್ಟರೂ ದಾರಿಯಲ್ಲೇ ಅಮಾವಾಸ್ಯೆ ಹಿಡಿಯುತ್ತದೆ. ಮಾರನೆಯ ಪಾಡ್ಯವೂ ಆಗದು. ಇಂಥದ್ದಕ್ಕೆ ನಮ್ಮಲ್ಲಿ ಪರಸ್ಥಾನ ಎಂಬ ಉಪಾಯವಿದೆ. ಒಳ್ಳೆಯ ಹೊತ್ತು ನೋಡಿ ಪ್ರಯಾಣದ ಒಂದು ಸಾಮಾನನ್ನು ಊರಾಚೆ ಯಾರ ಮನೆಯಲ್ಲಾದರೂ ಇಟ್ಟುಬಂದರೆ ಹೊರಟಂತೆಯೇ ಲೆಕ್ಕ. ಆಮೇಲೆ ಅಮಾವಾಸ್ಯೆಯೊಂದು ಬಿಟ್ಟು ಯಾವಾಗ ಹೋದರೂ ದೋಷವಿಲ್ಲ. ಬೇರೆ ಜನ ಚೀಲವನ್ನೋ ಛತ್ರಿಯನ್ನೋ ಇಡುತ್ತಾರೆ. ನಮ್ಮ ಲಾರಿಯವರು ಲಾರಿಯನ್ನೇ ಇಡುತ್ತಿದ್ದರು. ಕಾವೇರಿ ಸೇತುವೆ ದಾಟಿಸಿ, ಆಚೆ ಗೊತ್ತಿದ್ದ ಟೀ ಅಂಗಡಿ ಪಕ್ಕ ನಿಲ್ಲಿಸಿ, ಬಸ್ಸು ಹತ್ತಿ ಮನೆಗೆ ಬಂದು ಮಲಗುತ್ತಿದ್ದರು.

ಅಂದೂ ಅಪ್ಪ ಲಾರಿಯನ್ನು ಹೊಳೆ ದಾಟಿಸಿ ಬಂದು ನನ್ನ ಮೇಜಿನ ಮುಂದೆ ನಿಂತ. ‘ಒಂಟೈತೆ ಅಂತ ಒತ್ತವ್ವ’ ಎಂದ.

‘ನೀನು ಹೋಗೋದು ನಾಡಿದ್ದಲ್ವಾ? ನಾಡಿದ್ದೇ ಕಳಿಸ್ತೀನಿ ಬುಡಪ್ಪ.’

‘ಹೊಳೆ ದಾಟ್ತಲ್ಲ, ಇನ್ನೇನು? ನಾಡಿದ್ದು ಅಂತ ಬರುದ್ರೆ ಪಾಡ್ಯದಲ್ಲಿ ಒಂಟಂಗಾಯ್ತದೆ. ಇವತ್ ನಿಲ್ಸಿ ಬಂದಿದ್ದು ಪರಸ್ಥಾನವೇ ಅಲ್ಲ ಆಗ.’

ಸಾಬರಿಗೆ ಅಮಾವಾಸ್ಯೆಯ ಗೊಡವೆಯಿಲ್ಲ. ಆದರೂ ಅವರ ಡ್ರೈವರುಗಳೂ ಇದನ್ನೇ ಮಾಡುವವರು. ‘ಗೌಡ್ರು ಹೇಳೋದು ಸರಿ ಬೇಟಿ. ದಾಟಿದ ಮೇಲೆ ಮುಗೀತು’ ಎಂದರು. ನಾನು ಒತ್ತಿದೆ. ಹೊರಟ ಲಾರಿ ಇಂತಿಷ್ಟು ಹೊತ್ತಿಗೆ ಬಂದು ಮುಟ್ಟಬೇಕೆಂದು ಗಡಿಯ ಯಂತ್ರ ಲೆಕ್ಕ ಹಾಕುತ್ತದೆ, ಮುಟ್ಟದಿದ್ದರೆ ದಾರಿಯಲ್ಲಿ ಮಾಲು ಬದಲಾಗಿದೆ ಎಂದು ಗುಮಾನಿ ಪಡುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಹೇಳದವರ ಮೇಲೆ ನನಗೆ ಇವತ್ತಿಗೂ ಕೋಪ.

ಅಮಾವಾಸ್ಯೆಯ ಮಧ್ಯಾಹ್ನ ಆಫೀಸಿನ ಫೋನು ಬಡಿದುಕೊಂಡಿತು. ಗಡಿಯಿಂದ. ಅಪ್ಪನ ಲಾರಿ ನಂಬರು ಹೇಳಿ, ಹೊರಟಿದೆಯೇ ಎಂದು ಕೇಳಿದರು. ‘ನೆನ್ನೇನೇ ಹೊರಟಿದೆ ಸ್ವಾಮಿ’ ಎಂದರು ಸಾಬರು. ಅವರ ಲೆಕ್ಕದಲ್ಲಿ ಅದು ಸುಳ್ಳಲ್ಲ. ಆ ಕಡೆಯವರು ಇನ್ನೇನೂ ಕೇಳದೆ ಇಟ್ಟುಬಿಟ್ಟರು. ಬೈದಿದ್ದರೆ ವಾಸಿಯಿತ್ತು. ಸಾಬರು ರಿಸೀವರ್ ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದರು.

ಸಂಜೆ ಮನೆಗೆ ಹೋದಾಗ ಅಪ್ಪ ಜಗಲಿಯ ಮೇಲೆ ಎಲೆಯಡಿಕೆ ಹಾಕುತ್ತಾ ಕೂತಿದ್ದ. ಹಿಂಗಿಂಗಾಯ್ತು, ಈಗಲೇ ಹೊರಡು ಎಂದು ಗೋಗರೆದೆ.

‘ಅಮಾಸೆ ಕಳೀಲಿ ತಡಿಯವ್ವ. ಅಲ್ಲಿ ನನ್ನ ಕಾಣದೋರು ಯಾರವ್ರೆ? ಎಲ್ಲಾ ಗುರ್ತಿರೋರೇ’ ಎಂದ. ಕೈಗೆ ಸಿಕ್ಕ ಚೊಂಬನ್ನು ಕುಕ್ಕಿ ಒಳಗೆ ಹೋದೆ.

ಪಾಡ್ಯದ ಬೆಳಿಗ್ಗೆ ಅಪ್ಪ ಹೋದ. ಮಧ್ಯಾಹ್ನದ ಹೊತ್ತಿಗೆ ಲಾರಿ ಹಿಡಿದಿದ್ದಾರೆಂದು ಫೋನು ಬಂತು. ಸಾಬರು ಜೀಪು ತೆಗೆದರು, ನಾನೂ ಹತ್ತಿದೆ. ಗುಂಡ್ಲುಪೇಟೆ ದಾಟಿ ಕಾಡು ಶುರುವಾಯಿತು. ಹಗಲಲ್ಲೇ ಮಬ್ಬು ಕವಿದಿತ್ತು, ಸೋನೆ ಹಿಡಿದಿತ್ತು.

ಗಡಿಯಲ್ಲಿ ಅಪ್ಪನ ಲಾರಿಯನ್ನು ಪಕ್ಕಕ್ಕೆ ಹಾಕಿಸಿದ್ದರು. ಟಾರ್ಪಾಲು ಬಿಚ್ಚಿ, ಗೋಣಿಚೀಲಗಳನ್ನೆಲ್ಲ ಇಳಿಸಿ, ಒಂದೊಂದನ್ನೇ ಕುಯ್ದು ನೋಡುತ್ತಿದ್ದರು. ಸೋನೆಗೆ ಬೆಲ್ಲ ನೀರೊಡೆದು, ಕೆಂಪು ರಸ ನೆಲದ ಮೇಲೆ ಹರಿಯುತ್ತಿತ್ತು. ಅಪ್ಪ ತಲೆಗೆ ಟವಲು ಹಾಕಿಕೊಂಡು ಕುಕ್ಕರುಗಾಲಲ್ಲಿ ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತ. ಮಗಳ ಮುಂದೆ ಹಾಗೆ ಕೂರಲು ನಾಚಿಕೆಯಾಯಿತೇನೋ.

ಅಲ್ಲಿದ್ದ ಅಧಿಕಾರಿ ಹೊಸಬರು. ‘ಎಲ್ಲಿತ್ತು ರೀ ಲಾರಿ ಇಷ್ಟು ಹೊತ್ತು?’

‘ಹೊಳೆ ಆಚೆ ಪರಸ್ಥಾನಕ್ಕೆ ನಿಲ್ಸಿದ್ದೆ ಸ್ವಾಮಿ’ ಎಂದ ಅಪ್ಪ.

ಅಧಿಕಾರಿ ನಗಲಿಲ್ಲ, ರೇಗಲೂ ಇಲ್ಲ. ‘ಅದೆಲ್ಲ ಮಿಷನ್ನಿಗೆ ಗೊತ್ತಾಗಲ್ಲ ಗೌಡ್ರೆ’ ಎಂದರು. ಕೆಟ್ಟ ಮನುಷ್ಯರಲ್ಲ ಅವರು. ತೂಕ ಸರಿಹೋಯಿತು, ಮಾಲು ಬೆಲ್ಲವೇ ಎಂದಾಯಿತು, ಬಿಟ್ಟರು. ಆದರೆ ಯಂತ್ರದಲ್ಲಿ ಆ ಲಾರಿ ನಂಬರಿನ ಮುಂದೆ ಗುಮಾನಿಯೆಂದು ಕೂತಿದ್ದನ್ನು ತೆಗೆಯಲು ಅವರಿಗೂ ಬರುತ್ತಿರಲಿಲ್ಲ. ಮೇಲಿನವರಿಗೆ ಬರೆಯುತ್ತೇವೆ ಎಂದರು. ಬರೆದರೋ ಇಲ್ಲವೋ ದೇವರೇ ಬಲ್ಲ.

ಮುಂದಿನ ಲೋಡಿಗೂ ಲಾರಿ ನಿಂತಿತು. ಅದರ ಮುಂದಿನದಕ್ಕೂ. ಪ್ರತಿ ಸಲ ಟಾರ್ಪಾಲು ಬಿಚ್ಚಿದರು, ಚೀಲ ಕುಯ್ದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಪ್ಪನ ಜೊತೆ ಹೆಗಲ ಮೇಲೆ ಕೈ ಹಾಕಿಕೊಂಡು ತಿರುಗಿದ್ದ ಆಲೆಮನೆಯವರೇ, ‘ನಿನ್ ಮೇಲೆ ಅನುಮಾನ ಇಲ್ಲ ಕಣ್ಲಾ, ನಿನ್ ಗಾಡಿ ನಿಲ್ಲಿಸ್ತಾರಲ್ಲ’ ಎಂದು ಬೆನ್ನು ತಿರುಗಿಸಿದರು. ಅಪ್ಪ ಲೋಡು ಕೇಳಿಕೊಂಡು ಹೊಸಹೊಳಲಿನವರೆಗೂ ಅಲೆದ. ಕೊನೆಗೆ ಲಾರಿ ಮಾರಿದ. ಕೊಂಡವನು ಹಾಸನದ ಕಡೆ ಮರಳು ಹೊಡೆಯುವವನು. ಗಡಿಯ ಹಂಗಿಲ್ಲ ಅವನಿಗೆ.

ಅಪ್ಪನಿಗೆ ಬೇರೆ ಕೆಲಸ ಬಾರದು. ಸಾಬರು ತಮ್ಮ ಒಂದು ಲಾರಿ ಕೊಟ್ಟು, ಅದೇ ಬೆಲ್ಲಕ್ಕೆ, ಅದೇ ರಸ್ತೆಗೆ ಸಂಬಳದ ಡ್ರೈವರಾಗಿ ಕಳಿಸಿದರು. ಆ ಲಾರಿಯ ನಂಬರನ್ನು ನಾನೇ ಒತ್ತಿದೆ. ಅಪ್ಪ ತಿರುಗಿ ಬರುವವರೆಗೂ ನನ್ನ ಜೀವದಲ್ಲಿ ಜೀವವಿರಲಿಲ್ಲ.

ಬಂದವನು ಮುದ್ದೆ ಮುರಿಯುತ್ತಾ ಕೂತ. ನಾನು ತಡೆಯಲಾರದೆ ಕೇಳಿದೆ, ‘ನಿಲ್ಸಿದ್ರಾ ಅಪ್ಪ?’

‘ಇಲ್ಲ ಕಣವ್ವ. ಗೇಟು ತಕ್ಷಣ ಎತ್ತುದ್ರು. ನನ್ ಮೊಕಾನೂ ನೋಡ್ಲಿಲ್ಲ’ ಎಂದ. ತಟ್ಟೆ ನೋಡುತ್ತಲೇ, ‘ಓನರಾಗಿದ್ದಾಗ ಕಳ್ಳ. ಈಗ ಸಂಬಳದೋನು, ಈಗ ಸಾಚಾ’ ಎಂದ.

ಅವ್ವ ಇನ್ನೊಂದು ಸೌಟು ಸಾರು ಬಡಿಸಿದಳು.