ಮದುಮಗಳ ತಲೆ ಮೇಲೆ ಕೂತ ಮದುಮಗ

ಕಂಪ್ಯೂಟರ್ ಪಾಠ ಹೇಳುವ ಕೆಲಸ ಬಿಟ್ಟು, ಚಿತ್ರದುರ್ಗದ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ವೆಬ್‌ಸೈಟ್ ಮಾಡಿಕೊಡಲು ಶುರು ಮಾಡಿದ ಹೊಸತು. ಮೊದಲ ಗಿರಾಕಿ ಹೊಳಲ್ಕೆರೆಯ ಒಂದು ಕಲ್ಯಾಣ ಮಂಟಪದ ಒಡತಿ. ತಂದೆ ಕಟ್ಟಿಸಿದ ಮಂಟಪವನ್ನು ಅವರು ಅಣ್ಣನ ಜೊತೆ ಸೇರಿ ನಡೆಸುತ್ತಿದ್ದರು. ವೆಬ್‌ಸೈಟ್ ಬೇಕೇಬೇಕು ಅಂತ ಹಟ ಹಿಡಿದವರು ತಂಗಿ. ಅದನ್ನೆಲ್ಲ ಯಾರು ನೋಡ್ತಾರೆ ಅನ್ನುತ್ತಿದ್ದವರು ಅಣ್ಣ.

ನನ್ನ ಲ್ಯಾಪ್‌ಟಾಪಿನಲ್ಲಿ ಪುಟ ಲಕ್ಷಣವಾಗಿತ್ತು. ಮೇಲೆ ಮಂಟಪದ ಹೆಸರು, ಕೆಳಗೆ ಮದುಮಗ, ಮದುಮಗಳು ಅಕ್ಕಪಕ್ಕ. ಕಳಿಸಿ ನಿಶ್ಚಿಂತೆಯಿಂದ ಮಲಗಿದೆ. ಬೆಳಿಗ್ಗೆ ಒಡತಿಯ ಫೋನು.

"ಏನ್ ಮೇಡಂ ಇದು? ಮದುಮಗಳ ತಲೆ ಮೇಲೆ ಮದುಮಗ ಕುಂತವ್ನೆ! ಆಫೀಸಲ್ಲಿ ಎಲ್ರ ಮುಂದೆ ತೆಗೆದು ತೋರ್ಸಿದ್ದೆ. ನಮ್ಮಣ್ಣ ಬಿದ್ದೂಬಿದ್ದೂ ನಕ್ಕ."

"ಇಲ್ಲಿ ಸರಿಯಾಗೇ ಐತಲ್ಲಕ್ಕಾ."

"ನಿಮ್ಮನೇಲಿ ಸರಿಯಾಗಿದ್ರೆ ನಮಗೇನು ಬಂತು? ಬಂದು ನೋಡ್ರಿ."

ಅವಮಾನವಾದ ಹಾಗಾಯಿತು. ಆದರೆ ಮಾತು ನಿಜ. ಹೊಳಲ್ಕೆರೆ ಬಸ್ಸು ಹತ್ತಿದೆ.

ಮಂಟಪದಲ್ಲಿ ಅವತ್ತು ಯಾರದೋ ನಿಶ್ಚಿತಾರ್ಥ. ಆಫೀಸ್ ಕೋಣೆಯಲ್ಲಿ ಅಣ್ಣ ಒಂದು ಓಬೀರಾಯನ ಕಾಲದ ಕಂಪ್ಯೂಟರ್ ಮುಂದೆ ಕೂತಿದ್ದರು. ಅದರಲ್ಲಿದ್ದ ಬ್ರೌಸರೂ ಅಷ್ಟೇ ಹಳೆಯದು. ಚಿತ್ರಗಳನ್ನು ಅಕ್ಕಪಕ್ಕ ಕೂರಿಸಲು ನಾನು ಬರೆದಿದ್ದ ಹೊಸ ರೀತಿಯ ಸೂಚನೆ ಅದಕ್ಕೆ ಗೊತ್ತೇ ಇರಲಿಲ್ಲ.

"ಒಂದೇ ಸಾಮಾನು ಕೊಟ್ರೂ ಒಬ್ಬೊಬ್ಬ ಅಡಿಗೆಯವ್ರ ಸಾರು ಒಂದೊಂದು ಥರ ಆಗುತ್ತಲ್ಲ ಸಾರ್, ಬ್ರೌಸರೂ ಹಂಗೆ," ಅಂದೆ.

"ಅಂದ್ರೆ ನಮ್ಮ ಅಡಿಗೆಯವ್ನಿಗೆ ವಯಸ್ಸಾಗೈತೆ ಅಂತೀರಿ. ಕಂಪ್ಯೂಟರ್ ಎಸೀಬೇಕಾ?"

"ಬ್ಯಾಡ. ಇಂಥ ಕಂಪ್ಯೂಟರ್ ಇರೋರು ಇನ್ನೂ ಎಷ್ಟೋ ಜನ ಅವ್ರೆ. ಪುಟಾನೇ ಸರಿ ಮಾಡ್ತೀನಿ."

ಹಳೆಯ ಬ್ರೌಸರಿಗೂ ಅರ್ಥವಾಗುವ ಸೂಚನೆ ಮೊದಲು ಬರೆದೆ. ಹೊಸದನ್ನು ಬಲ್ಲ ಬ್ರೌಸರುಗಳಿಗೆ ಅದರ ಕೆಳಗೆ ಬೇರೆ ಬರೆದೆ. ಪುಟ ಮತ್ತೆ ತೆರೆದಾಗ ಮದುಮಗ ಇಳಿದು ಮದುಮಗಳ ಪಕ್ಕ ನಿಂತಿದ್ದ. ಅಣ್ಣ ಕನ್ನಡಕ ಸರಿಮಾಡಿಕೊಂಡು, "ಈಗ ಜೋಡಿ ಆತು ನೋಡಿ," ಅಂದರು.

ಒಡತಿಗೆ ಅಷ್ಟಕ್ಕೇ ಸಮಾಧಾನವಿಲ್ಲ. "ಫೋನುಗಳಲ್ಲಿ ಹೆಂಗೆ ಕಾಣುತ್ತೋ? ಬರ್ರಿ," ಅಂತ ನನ್ನ ಕೈ ಹಿಡಿದು ಊಟದ ಪಂಕ್ತಿಗೆ ಕಾಯುತ್ತಿದ್ದವರ ನಡುವೆ ಎಳೆದೊಯ್ದರು. "ಒಂಚೂರು ನಿಮ್ಮ ಫೋನಲ್ಲಿ ನಮ್ಮ ಮಂಟಪ ತೆಗೀರಿ ನೋಡಾಣ." ಬೇಜಾರಾಗಿ ಕೂತಿದ್ದ ನೆಂಟರಿಗೆ ಇದು ಆಟವಾಯಿತು. ಒಬ್ಬರ ಫೋನಲ್ಲಿ ಚೆನ್ನಾಗಿತ್ತು. ಇನ್ನೊಬ್ಬರದರಲ್ಲಿ ಮಂಟಪಕ್ಕೆ ಕರೆ ಮಾಡುವ ಗುಂಡಿ ಫೋಟೋದ ಹಿಂದೆ ಅಡಗಿತ್ತು. ಕಣ್ಣು ಮಂಜಾದ ಅಜ್ಜಿಯೊಬ್ಬರು ಫೋನಿನ ಅಕ್ಷರ ದೊಡ್ಡದು ಮಾಡಿಕೊಂಡಿದ್ದರು. ಅವರು ಜೋರಾಗಿ ಓದಿದರು: "ಕಲ್ಯಾಣ ಮಂಟ. ಏನವ್ವಾ, ಪ ಎಲ್ಲಿಗೆ ಹೋತು?"

ಸಾಲಿಗೆ ಸಾಲೇ ನಕ್ಕಿತು. ನನಗೂ ನಗು ತಡೆಯಲಾಗಲಿಲ್ಲ. ಬೆಳಗಿನ ಅವಮಾನ ಆಗಲೇ ಎಲ್ಲೋ ಕರಗಿತ್ತು. ಮೆಟ್ಟಿಲ ಮೇಲೆ ಕೂತು, ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಹೆಸರು ಸಾಲಿನಲ್ಲಿ ಹಿಡಿಯದಿದ್ದರೆ ಕೆಳಗಿನ ಸಾಲಿಗೆ ಇಳಿಯುವಂತೆ ಮಾಡಿದೆ. ಗುಂಡಿಯನ್ನೂ ಫೋಟೋದ ಹಿಂದಿನಿಂದ ಹೊರಗೆ ತಂದೆ.

ಗುಂಡಿ ನಿಜವಾಗಲೂ ಕೆಲಸ ಮಾಡುತ್ತಾ ಅಂತ ಭೀಮಸಮುದ್ರದಿಂದ ಬಂದಿದ್ದ ಹೆಂಗಸೊಬ್ಬರು ಒತ್ತಿಯೇಬಿಟ್ಟರು. ಒಳಗೆ ಆಫೀಸಿನ ಫೋನ್ ಬಡಿದುಕೊಂಡಿತು. "ಹಲೋ, ಯಾರು ಮಾತಾಡೋದು?" ಅನ್ನುವ ಅಣ್ಣನ ದನಿ ಫೋನಲ್ಲೂ ಬಾಗಿಲಲ್ಲೂ ಒಟ್ಟಿಗೇ ಕೇಳಿಸಿತು. ಎಲ್ಲರೂ ನಗುತ್ತಿದ್ದರೂ ಆಕೆ ಫೋನ್ ಇಡಲಿಲ್ಲ.

"ಇಲ್ಲೇ ಹೊರಗಡೆ ಅದೀನಿ ಕಣ್ರಿ. ನಮ್ಮ ಹುಡುಗಿ ಮದ್ವೆಗೆ ಶ್ರಾವಣದಾಗೆ ಮಂಟಪ ಖಾಲಿ ಐತಾ?"

ಅಣ್ಣ ಕ್ಯಾಲೆಂಡರ್ ಹಿಡಿದುಕೊಂಡೇ ಹೊರಗೆ ಓಡಿಬಂದರು. ಒಡತಿ ನನ್ನನ್ನು ಪಂಕ್ತಿಯಲ್ಲಿ ಅಜ್ಜಿಯ ಪಕ್ಕ ಕೂರಿಸಿ, ತಾವೇ ನಿಂತು ಹೋಳಿಗೆ ಬಡಿಸಿ, ಸಾಕು ಅಂದರೂ ಕೇಳದೆ ತುಪ್ಪ ಸುರಿದರು.